ಗುಂಡು ಹಾರಿಸಿದ್ದು ಸರಿಯಾ? ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆಸ್ತಿ ಭಾಗ, ಚೆಕ್ ಬೌನ್ಸ್ ಕಡಿಮೆ. ಪೊಲೀಸರ ಲಾಠಿ, ಪಿಸ್ತೂಲಿನ ವಿಷಯವೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೆಸರು ಬೇಡ ಎಂದು ಕೇಳಿದ್ದರಿಂದ ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: 2025ರ ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಐದು ವರ್ಷದ ಹೆಣ್ಣುಮಗುವನ್ನು ಕೊಂದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಊರೇ ಸಮಾಧಾನಪಟ್ಟಿತು. ಕೇಸು ಕೋರ್ಟಿಗೆ ಹೋಗಿದ್ದರೆ ವರ್ಷಗಟ್ಟಲೆ ಎಳೆಯುತ್ತಿತ್ತು. ಇದು ಸರಿಯೋ ತಪ್ಪೋ ಅಂತ ಚರ್ಚೆ ಮಾಡೋದೇ ಯಾಕೆ ಸರ್?
— ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಸಿಟ್ಟಿಗೆ ನನ್ನ ತಕರಾರಿಲ್ಲ. ಆ ಸುದ್ದಿ ಓದಿ ಹೊಟ್ಟೆ ಉರಿಯದವರು ಯಾರಿದ್ದಾರೆ? ಆದರೆ ಅವನು ಬೆಳಿಗ್ಗೆ ಏನು ಮಾಡಿದ್ದ ಅನ್ನೋದು ಒಂದು ಪ್ರಶ್ನೆ, ಗುಂಡು ಹಾರಿದ ಆ ಗಳಿಗೆಯಲ್ಲಿ ಪೊಲೀಸರ ಜೀವಕ್ಕೆ ಅಪಾಯ ಇತ್ತಾ ಅನ್ನೋದು ಇನ್ನೊಂದು. ಕಾನೂನು ಕೇಳುವುದು ಎರಡನೆಯದನ್ನು. ನಾವು ಮನೆಯಲ್ಲಿ ಕೂತು ವಾದ ಮಾಡುವಾಗ ಎರಡನ್ನೂ ಕಲಸಿಬಿಡುತ್ತೇವೆ, ಅಲ್ಲಿಗೆ ಚರ್ಚೆ ಕೆಟ್ಟಿತು.

ಪೊಲೀಸರ ಹೇಳಿಕೆ ಪ್ರಕಾರ, ಆರೋಪಿಯ ಗುರುತು ಮತ್ತು ದಾಖಲೆ ಪತ್ತೆಗೆ ಅವನನ್ನು ಕರೆದೊಯ್ದಾಗ ಅವನು ಕಲ್ಲು ತೂರಿ ಓಡಲು ನೋಡಿದ. ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದರು, ಆಮೇಲೆ ಅವನತ್ತ. ಸಿಬ್ಬಂದಿಗೂ ಗಾಯವಾಯಿತು. ಪ್ರಕರಣ ಸಿಐಡಿಗೆ ಹೋಯಿತು, ಹೈಕೋರ್ಟ್‌ವರೆಗೂ ಹೋಯಿತು. ಅದರ ಬಗ್ಗೆ ಇಲ್ಲಿ ಕೂತು ತೀರ್ಪು ಕೊಡಲು ನಾನು ಯಾರೂ ಅಲ್ಲ. ಬದಲಿಗೆ ಇಂಥದ್ದೇ ಇನ್ನೊಂದು ಪ್ರಕರಣ ಹೇಳುತ್ತೇನೆ, ಅದರಲ್ಲಿ ಎಲ್ಲವನ್ನೂ ಕೆದಕಿ ನೋಡಿದ್ದಾರೆ.

2019ರ ನವೆಂಬರ್ ಕೊನೆಗೆ ಹೈದರಾಬಾದ್ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಮಾಡಿ, ಕೊಂದು, ಸುಟ್ಟುಹಾಕಿದ ಪ್ರಕರಣ ನೆನಪಿರಬೇಕು. ನಾಲ್ವರ ಬಂಧನವಾಯಿತು. ಡಿಸೆಂಬರ್ 6ರ ಬೆಳಗಿನ ಜಾವ ಚಟಾನ್‌ಪಲ್ಲಿ ಹತ್ತಿರಕ್ಕೆ ಅವರನ್ನು ಕರೆದೊಯ್ದರು, ಸಂತ್ರಸ್ತೆಯ ಫೋನು, ವಾಚು ಹುಡುಕಲು. ಅಲ್ಲಿ ಆರೋಪಿಗಳು ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದರು, ಆತ್ಮರಕ್ಷಣೆಗೆ ನಾವೂ ಹಾರಿಸಿದೆವು ಎಂದರು ಪೊಲೀಸರು. ನಾಲ್ವರೂ ಸತ್ತರು. ಜನ ಪೊಲೀಸರ ಮೇಲೆ ಹೂವು ಎರಚಿದರು. ಆಗ ಸೈಬರಾಬಾದ್ ಕಮಿಷನರ್ ಆಗಿದ್ದವರು ನಮ್ಮ ಹುಬ್ಬಳ್ಳಿಯವರೇ ಆದ ವಿ.ಸಿ. ಸಜ್ಜನರ. ಹಾಗಾಗಿ ನಿಮ್ಮೂರಲ್ಲಿ ಅವತ್ತು ಹೆಮ್ಮೆ ಒಂದು ಕೈ ಜಾಸ್ತಿಯೇ ಇತ್ತು.

ಒಂದೇ ವಾರದಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ಆಯೋಗ ನೇಮಿಸಿತು. ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪೂರ್ಕರ್ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬರು ಸಿಬಿಐನ ಮಾಜಿ ನಿರ್ದೇಶಕ ಡಿ.ಆರ್. ಕಾರ್ತಿಕೇಯನ್, ಅವರು ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ, ರಾಜೀವ್ ಗಾಂಧಿ ಹತ್ಯೆಯ ತನಿಖೆ ಮಾಡಿದವರು. ಅಂದರೆ ಪೊಲೀಸರ ಕಷ್ಟ ಗೊತ್ತಿಲ್ಲದವರ ಕೈಗೆ ಕೊಟ್ಟ ಕೆಲಸವಲ್ಲ ಇದು. 2022ರ ಮೇ ತಿಂಗಳಲ್ಲಿ ವರದಿ ಹೊರಬಂತು. ಪಿಸ್ತೂಲು ಕಿತ್ತುಕೊಂಡ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ವಿಚಾರಣೆ ಆಗಬೇಕು ಎಂದಿತು ಆಯೋಗ. (ಆ ಹತ್ತರಲ್ಲಿ ಸಜ್ಜನರ ಹೆಸರಿಲ್ಲ.) ಸತ್ತ ನಾಲ್ವರಲ್ಲಿ ಮೂವರು ಘಟನೆ ವೇಳೆ 18 ತುಂಬದವರು ಎಂದೂ ಹೇಳಿತು. ಮುಂದಿನ ಕ್ರಮಕ್ಕೆ ಸುಪ್ರೀಂ ಕೋರ್ಟ್ ಅದನ್ನು ತೆಲಂಗಾಣ ಹೈಕೋರ್ಟಿಗೆ ಕಳಿಸಿತು. ಆಯೋಗದ ಮಾತು ಶಿಫಾರಸು, ಶಿಕ್ಷೆಯ ತೀರ್ಪಲ್ಲ. ಅದು ನಿಜ.

ಈಗ ಯೋಚನೆ ಮಾಡಿ. ಆ ನಾಲ್ವರಲ್ಲಿ ಒಬ್ಬ ನಿರಪರಾಧಿ ಆಗಿದ್ದರೆ? ನಾಲ್ವರೂ ಅಪರಾಧಿಗಳೇ ಆಗಿದ್ದರೂ ಅದು ಸಾಬೀತಾಗಲೇ ಇಲ್ಲವಲ್ಲ. ಆ ಹೆಣ್ಣುಮಗಳ ಕೇಸಿಗೆ ಕೋರ್ಟಿನ ತೀರ್ಪು ಸಿಗಲಿಲ್ಲ. ಹತ್ತು ಪೊಲೀಸರ ತಲೆ ಮೇಲೆ ಕತ್ತಿ ತೂಗಿತು. ಕೋರ್ಟ್ ತಡ ಎನ್ನುವ ನಿಮ್ಮ ದೂರು ನೂರಕ್ಕೆ ನೂರು ಸರಿ, ಅದನ್ನು ನಾನು ದಿನಾ ಕಣ್ಣಾರೆ ನೋಡುತ್ತೇನೆ. ಆದರೆ ತಡ ಆಗುವುದು ಕೋರ್ಟಿನಲ್ಲಿ, ಅದಕ್ಕೆ ಪಿಸ್ತೂಲು ಹಿಡಿದ ಸಬ್ ಇನ್‌ಸ್ಪೆಕ್ಟರ್ ಏನು ಮಾಡಬೇಕು?

ಪ್ರಶ್ನೆ: ನನ್ನ ಗಂಡ ಪೊಲೀಸ್ ಕಾನ್‌ಸ್ಟೆಬಲ್. ಕಲ್ಲು ಬೀಳುವಾಗ ನಿಮ್ಮ ಮಾನವ ಹಕ್ಕಿನವರು ಎಲ್ಲಿರುತ್ತಾರೆ? ಲಾಂಗ್ ಹಿಡಿದು ಬಂದವನಿಗೆ ಗುಂಡು ಹೊಡೆದರೂ ತನಿಖೆ, ಹೊಡೆಯದೆ ಗಾಯ ಮಾಡಿಕೊಂಡರೆ ಸಸ್ಪೆಂಡ್. ಅವರು ಏನು ಮಾಡಬೇಕು ಹೇಳಿ.
— ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಯಜಮಾನರಿಗೆ ಆತ್ಮರಕ್ಷಣೆ ಹಕ್ಕು ನನಗೆ, ನಿಮಗೆ ಇರುವಷ್ಟೇ ಇದೆ. ಪ್ರಾಣ ಹೋಗುತ್ತದೆ ಅಥವಾ ತೀವ್ರ ಗಾಯ ಆಗುತ್ತದೆ ಎನ್ನುವ ನಿಜವಾದ ಭಯ ಇದ್ದರೆ, ಎದುರಿನವನನ್ನು ಕೊಂದರೂ ಅಪರಾಧವಾಗದು. ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 38ನೇ ಕಲಂ ಇದು. ಲಾಂಗ್ ಬೀಸಿದವನ ಮುಂದೆ ಅಳತೆ ಹಿಡಿದು ಯೋಚನೆ ಮಾಡುತ್ತಾ ನಿಲ್ಲಿ ಎಂದು ಯಾವ ಜಡ್ಜೂ ಹೇಳುವುದಿಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಗುಂಪು ಠಾಣೆಗೇ ಮುತ್ತಿಗೆ ಹಾಕಿ ವಾಹನಗಳಿಗೆ ಬೆಂಕಿ ಹಚ್ಚಿತ್ತು. ಅಂಥ ಕಡೆ ಗುಂಡಿನ ಪ್ರಶ್ನೆಯನ್ನು ಬೇರೆ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ನನ್ನ ಅನುಮಾನ ಬೇರೆ ಕಡೆ. ಪೇಪರಿನಲ್ಲಿ ಈ ಸಾಲು ಎಷ್ಟು ಸಲ ಓದಿಲ್ಲ ನಾವು: ‘ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನ, ಆರೋಪಿ ಕಾಲಿಗೆ ಗುಂಡೇಟು.’ ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಸಾಲು ಬದಲಾಗಲ್ಲ. ಸಮಯ ಬೆಳಗಿನ ಜಾವ, ಒಬ್ಬ ಸಿಬ್ಬಂದಿಯ ಕೈಗೆ ಗಾಯ, ಮೊದಲು ಗಾಳಿಯಲ್ಲಿ ಗುಂಡು. ಇವುಗಳಲ್ಲಿ ನಿಜವಾದವೂ ಖಂಡಿತ ಇವೆ. ನಿಜವಾದದ್ದನ್ನು ನಂಬಿಸುವುದು ಕಷ್ಟವಾಗುವುದು ಈ ಒಂದೇ ಅಚ್ಚಿನ ಸಾಲಿನಿಂದಲೇ.

ಮಹಜರಿಗೆ, ಅಂದರೆ ಸಾಕ್ಷಿಗಳ ಎದುರು ಸ್ಥಳ ನೋಡಿ, ವಸ್ತು ಹುಡುಕಿ ದಾಖಲಿಸುವುದಕ್ಕೆ, ಆರೋಪಿಯನ್ನು ಕರೆದೊಯ್ಯುವುದು ಯಾಕೆ ಗೊತ್ತಾ? ಪೊಲೀಸರ ಮುಂದೆ ಅವನು ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ. ಆದರೆ ಅವನು ಹೇಳಿದ್ದರಿಂದ ಚಾಕು, ಫೋನು ಏನಾದರೂ ಸಿಕ್ಕರೆ ಅಷ್ಟರ ಮಟ್ಟಿಗೆ ಸಾಕ್ಷ್ಯವಾಗುತ್ತದೆ. ಹಾಗಾಗಿ ಕರೆದೊಯ್ಯಲೇಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಶೋಧ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎನ್ನುತ್ತದೆ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ. ಕೊಲೆ, ಅತ್ಯಾಚಾರದಂಥ ಕೇಸಿನಲ್ಲಿ ಬಂಧಿಸುವಾಗ, ಕೋರ್ಟಿಗೆ ಹಾಜರುಪಡಿಸುವಾಗ ಕೈಕೋಳ ಹಾಕಬಹುದು ಎಂದು 43ನೇ ಕಲಂ ಹೇಳುತ್ತದೆ. ಮಹಜರಿನ ಮಾತು ಅದರಲ್ಲಿಲ್ಲ. ಆದರೂ ಓಡಿಹೋಗುತ್ತಾನೆ ಎಂಬ ಅನುಮಾನ ಇದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಕೊಲೆ ಆರೋಪಿಯನ್ನು ಕತ್ತಲಲ್ಲಿ, ಕೈಕೋಳವಿಲ್ಲದೆ, ಕಡಿಮೆ ಸಿಬ್ಬಂದಿ ಜೊತೆ ಕರೆದೊಯ್ಯಲು ಯಾರು ಹೇಳಿದರು? ನಿಮ್ಮ ಯಜಮಾನರನ್ನು ಅಪಾಯಕ್ಕೆ ದೂಡುವವರು ಆ ಆದೇಶ ಕೊಟ್ಟ ಮೇಲಿನವರು. ನಾನು ಕೇಳುವ ಮೊದಲ ಪ್ರಶ್ನೆ ಅವರಿಗೆ.

ಇನ್ನು ತನಿಖೆ. ಎನ್‌ಕೌಂಟರ್ ಸಾವುಗಳ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆ ಕೊಟ್ಟಿದೆ. ಎಫ್‌ಐಆರ್ ಆಗಬೇಕು. ಅದೇ ಠಾಣೆಯವರು ತನಿಖೆ ಮಾಡಬಾರದು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಹಾರಿಸಿದ ಆಯುಧ ಪರೀಕ್ಷೆಗೆ ಹೋಗಬೇಕು. ಘಟನೆ ಆದ ತಕ್ಷಣ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು. ಹೈದರಾಬಾದಿನಲ್ಲಿ ಮೊದಲು ದಾಖಲಾದ ಎಫ್‌ಐಆರ್ ಸತ್ತವರ ಮೇಲೆ, ಕೊಲೆ ಯತ್ನದ್ದು! ನಿಮಗೆ ಇದೆಲ್ಲ ಪೊಲೀಸರ ಮೇಲಿನ ಅನುಮಾನ ಅನ್ನಿಸಬಹುದು. ನಿಯತ್ತಿನ ಕಾನ್‌ಸ್ಟೆಬಲ್‌ಗೆ ಬೇಕಾದ ರಸೀದಿ ಇದೇ. ಹೊರಗಿನವರು ಪರಿಶೀಲಿಸಿ ‘ಸರಿಯಾಗಿತ್ತು’ ಎಂದರೆ ಹತ್ತು ವರ್ಷದ ಮೇಲೆ ಕೆದಕುವುದು ಯಾರಿಗೂ ಸುಲಭವಲ್ಲ.

ಅಂದಹಾಗೆ ‘ಕಾಲಿಗೇ ಹೊಡೆಯಬೇಕು’ ಅಂತ ಯಾವ ಕಲಮಿನಲ್ಲೂ ಬರೆದಿಲ್ಲ. ಕಾಲಿಗೆ ಹೊಡೆದರೆ ತಾನಾಗಿಯೇ ಸರಿ ಎನ್ನುವುದೂ ಇಲ್ಲ.

ಪ್ರಶ್ನೆ: ಹೆಲ್ಮೆಟ್ ಇಲ್ಲ ಅಂತ ನಿಲ್ಲಿಸಿದ ಪೊಲೀಸ್ ಗಾಡಿ ಕೀ ಕಿತ್ತುಕೊಂಡು ಕಪಾಳಕ್ಕೆ ಹೊಡೆದ. ತಪ್ಪು ನನ್ನದೇ ಅಂತ ಸುಮ್ನೆ ಬಂದೆ. ಕೇಳುವ ಹಕ್ಕು ನನಗಿದೆಯಾ?
— ಮೈಸೂರು

ಉತ್ತರ: ಖಂಡಿತ ಇದೆ. ಹೆಲ್ಮೆಟ್ ಇಲ್ಲದ್ದಕ್ಕೆ ಇರುವುದು ದಂಡ, ಅದನ್ನು ಕಟ್ಟಿ. ಕಪಾಳಕ್ಕೆ ಹೊಡೆಯುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ, ಕಮಿಷನರಿಗೂ ಇಲ್ಲ. ರಸ್ತೆಯಲ್ಲಿ ಗಾಡಿಗೆ ಅಡ್ಡ ಹೋಗುವುದಂತೂ ಪ್ರಾಣಕ್ಕೆ ಕುತ್ತು. 2025ರ ಮೇನಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಬೈಕನ್ನು ಸಂಚಾರ ಪೊಲೀಸರು ತಡೆದಾಗ ಮಗು ಕೆಳಗೆ ಬಿದ್ದು ಸತ್ತಿತು. ಮೂವರು ಎಎಸ್‌ಐಗಳ ಅಮಾನತಾಯಿತು. ಹೆಲ್ಮೆಟ್ ದಂಡಕ್ಕಾಗಿ ಒಂದು ಜೀವ.

ನೀವು ಡಿಸಿಪಿಗೆ ಲಿಖಿತ ದೂರು ಕೊಡಿ. ದಿನಾಂಕ, ಸಮಯ, ಜಾಗ, ಎದೆ ಮೇಲಿನ ಹೆಸರು ಕಂಡಿದ್ದರೆ ಅದು, ಎಲ್ಲ ಬರೆಯಿರಿ. ದೂರು ತಲುಪಿದ್ದಕ್ಕೆ ಹಿಂಬರಹ ಕೇಳಿ ಪಡೆಯಿರಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ. ಘಟನೆ ನಡೆದು ಒಂದು ವರ್ಷದೊಳಗೆ ಹೋಗಬೇಕು, ಆಮೇಲೆ ತೆಗೆದುಕೊಳ್ಳಲ್ಲ.

ಪ್ರಶ್ನೆ: ತಮ್ಮನನ್ನು ಠಾಣೆಯಲ್ಲಿ ಹೊಡೆದಿದ್ದಾರೆ. ಅವರು ‘ಬಿದ್ದ’ ಅಂತಾರೆ. ಸಾಕ್ಷಿ ಎಲ್ಲಿಂದ ತರಲಿ?
— ಕಲಬುರಗಿ

ಉತ್ತರ: ತಪ್ಪೊಪ್ಪಿಸಲು ಹೊಡೆಯುವುದು ಜೈಲು ಶಿಕ್ಷೆಯ ಅಪರಾಧ, ತಮ್ಮ ಕಳ್ಳನೇ ಆಗಿರಲಿ. ಮೊದಲ ಕೆಲಸ, ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ತಪಾಸಣೆ ಮಾಡಿಸಿ, ಡಾಕ್ಟರಿಗೆ ‘ಪೊಲೀಸರು ಹೊಡೆದರು’ ಎಂದು ಹೇಳಿ ಬರೆಸಿ. ಇನ್ನೂ ಕಸ್ಟಡಿಯಲ್ಲಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಅವನೇ ಬಾಯಿಬಿಟ್ಟು ಹೇಳಲಿ, ಅಂಗಿ ಎತ್ತಿ ತೋರಿಸಲಿ. ಹೆದರಿ ‘ಏನೂ ಇಲ್ಲ ಸ್ವಾಮಿ’ ಎಂದುಬಿಟ್ಟರೆ ಆಮೇಲೆ ಕೇಸು ನಿಲ್ಲುವುದು ಬಹಳ ಕಷ್ಟ.

ಎರಡನೆಯದು ಸಿಸಿಟಿವಿ. ಠಾಣೆಯ ಪ್ರವೇಶದ್ವಾರ, ಲಾಕಪ್, ಕಾರಿಡಾರ್ ಎಲ್ಲ ಕಡೆ ಕ್ಯಾಮೆರಾ ಇರಬೇಕು, ರೆಕಾರ್ಡಿಂಗನ್ನು 18 ತಿಂಗಳು ಇಡಬೇಕು ಎಂದು 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ‘ಕ್ಯಾಮೆರಾ ಕೆಟ್ಟಿದೆ’ ಎಂಬ ಉತ್ತರ ಬರುವ ಸಾಧ್ಯತೆ ಇದ್ದೇ ಇದೆ. ಅದನ್ನೂ ಬರಹದಲ್ಲೇ ಪಡೆಯಿರಿ, ಎಂದಿನಿಂದ ಕೆಟ್ಟಿದೆ, ರಿಪೇರಿಗೆ ಯಾರಿಗೆ ಬರೆದಿದ್ದೀರಿ ಎಂದು ಕೇಳಿ. ರೆಕಾರ್ಡಿಂಗ್ ಅಳಿಸದೆ ಇಡಲು ಆದೇಶ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಲು ನಿಮ್ಮ ವಕೀಲರಿಗೆ ನಾಳೆಯೇ ಹೇಳಿ, ಮುಂದಿನ ತಾರೀಖಿನವರೆಗೆ ಕಾಯಬೇಡಿ.