‘ಹುಟಗಿ ಬಂತು’ ಅಂತ ನಗುವವರಿಗೆ

ಬೆಟಗೇರಿಯಿಂದ ಬಂದ ಈ ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದ ತಂಗಿಯ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ವಿಷಯ ಇಷ್ಟು. ಗಂಡನಿಗೆ ನಲವತ್ತೈದು, ಸ್ವಂತ ಪ್ರಿಂಟಿಂಗ್ ಪ್ರೆಸ್. ನ್ಯುಮೋನಿಯಾ ಆಗಿ, ನಂಜು ರಕ್ತಕ್ಕೇರಿ, ಹುಬ್ಬಳ್ಳಿಯಲ್ಲಿ ಎರಡು ವಾರ ಐಸಿಯು, ಅದರಲ್ಲಿ ಒಂಬತ್ತು ದಿನ ವೆಂಟಿಲೇಟರ್. ಬದುಕಿ ಬಂದು ನಾಲ್ಕು ತಿಂಗಳಾಯಿತು, ರಿಪೋರ್ಟ್ ಎಲ್ಲ ಚೆನ್ನಾಗಿವೆ. ಆದರೆ ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ. ಪ್ರೆಸ್ಸಿನ ಮಷಿನ್ ಶುರುವಾದರೆ ಬೆವರಿ ಹೊರಗೆ ಬರುತ್ತಾರೆ. ಅತ್ತೆ ಗುಡಿಯಿಂದ ದಾರ ತಂದು ಕಟ್ಟಿದ್ದಾರೆ. ಇರಲಿ ಬಿಡಿ, ದಾರದಿಂದ ಯಾರಿಗೂ ನಷ್ಟವಿಲ್ಲ. ‘ಇವರಿಗೆ ಸೋಮಾರಿತನ ಬಂತಾ? ಪ್ರೆಸ್ ಮೈದುನನಿಗೆ ವಹಿಸಿಬಿಡಲಾ?’ ಅನ್ನುವುದು ತಂಗಿಯ ಪ್ರಶ್ನೆ.

ಪತ್ರದ ಕೊನೆಗೆ ಸುಮ್ನೆ ಬರೆದಂತೆ ಒಂದು ಮಾತಿದೆ. ಗಂಟಲಿನ ಕೊಳವೆ ತೆಗೆದ ಮೇಲೆ ಇವರು ಗೂಡ್ಸ್ ಗಾಡಿಯಲ್ಲಿ ಇದ್ದೇನೆ ಅಂದುಕೊಂಡು, ‘ಹುಟಗಿ ಬಂತು, ಕೈ ಬಿಚ್ರಿ, ನನ್ನ ಇಳಸ್ರಿ’ ಅಂತ ಕೂಗುತ್ತಿದ್ದರಂತೆ. ಹುಟಗಿ ಅಂದರೆ ಗದಗಿನಿಂದ ಸೊಲ್ಲಾಪುರದ ಕಡೆ ಹೋಗುವ ದಾರಿಯ ರೈಲ್ವೆ ಜಂಕ್ಷನ್. ಮನೆಗೆ ನೆಂಟರು ಬಂದಾಗೆಲ್ಲ ಮೈದುನ ಅದನ್ನು ನಕಲು ಮಾಡಿ ನಗಿಸುತ್ತಾನೆ. ‘ಇವರೊಬ್ಬರು ಮಾತ್ರ ಎದ್ದು ಒಳಗೆ ಹೋಗುತ್ತಾರೆ, ಮೊದಲಿನಂತೆ ತಮಾಷೆ ತಡೆಯಲ್ಲ.’

ಯಾಕೆ ತಡೆಯಬೇಕು ತಂಗಿ? ನಂಜು, ಜ್ವರ, ನಿದ್ದೆ ಬರಿಸುವ ಔಷಧಿ, ಹಗಲು ರಾತ್ರಿ ಒಂದೇ ಬೆಳಕು, ಇಷ್ಟೂ ಸೇರಿದಾಗ ಮೆದುಳು ದಿಕ್ಕು ತಪ್ಪುತ್ತದೆ. ಡಾಕ್ಟರು ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಐಸಿಯುನಲ್ಲಿ ಇದು ತೀರಾ ಮಾಮೂಲು. ಬೆನ್ನಿಗೆ ಹುಣ್ಣಾಗದಿರಲಿ ಅಂತ ಹಾಕುವ ಗಾಳಿ ಹಾಸಿಗೆ ಉಬ್ಬಿ ಇಳಿಯುತ್ತಲೇ ಇರುತ್ತದೆ, ಮಾನಿಟರ್ ಕೂಗುತ್ತಲೇ ಇರುತ್ತದೆ. ಗದಗ-ಬೆಟಗೇರಿಯವರಿಗೆ ಅದು ರೈಲಾಗಿ ಕಂಡರೆ ಆಶ್ಚರ್ಯವೇನು? ಕೊಳವೆ ಕಿತ್ತುಕೊಳ್ಳದಿರಲಿ ಅಂತ ಕೆಲವರ ಕೈಯನ್ನು ಮಂಚಕ್ಕೆ ಕಟ್ಟುತ್ತಾರೆ. ಇವರ ಕೈ ನಿಜಕ್ಕೂ ಕಟ್ಟಿದ್ದಿರಬಹುದು. ನಡೆದದ್ದು ಮರೆತು ಹೋಗುತ್ತದೆ, ಕಂಡ ಭ್ರಮೆ ಮಾತ್ರ ಕಣ್ಣಿಗೆ ಕಟ್ಟಿದಂತೆ ಉಳಿಯುತ್ತದೆ. ಮಷಿನ್ ಧಡಧಡ ಅಂದಾಗ ಇವರು ಮತ್ತೆ ಆ ಗಾಡಿಯಲ್ಲಿ ಇರುತ್ತಾರೋ ಏನೋ. ನಾಲ್ಕು ತಿಂಗಳಲ್ಲಿ ಯಾರಾದರೂ ಕೇಳಿದ್ದೀರಾ? ಐಸಿಯುನಿಂದ ಬಂದವರಲ್ಲಿ ಉಳಿಯುವ ಇಂಥ ತೊಂದರೆಗಳಿಗೆ ಡಾಕ್ಟರುಗಳು ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಅಂತ ಹೆಸರನ್ನೇ ಇಟ್ಟಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರ ಗುಳಿಗೆ ಬರೆಯುತ್ತಾರೆ, ಇದನ್ನು ಬರೆಯುವುದಿಲ್ಲ.

ಇನ್ನು ಆ ಮೈದುನ. ಸಾಯಲು ಬಿದ್ದ ಅಣ್ಣನ ಕೂಗನ್ನು ನಾಟಕ ಮಾಡಿ ತೋರಿಸುವವನು ಎಷ್ಟೇ ಒಳ್ಳೆಯವನಿರಲಿ, ಅವನ ಬಾಯಿ ಇವತ್ತೇ ಮುಚ್ಚಿಸಿ. ಕಾಯಿಲೆಯವರ ಮಾತು ಮನೆಯ ಮನರಂಜನೆ ಆಗಬಾರದು ಅಂತ ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಬೇಜಾರಾಗಿದೆ. ನಕ್ಕ ನೆಂಟರೂ ಕಮ್ಮಿಯವರಲ್ಲ.

ನಿಮಗೆ ಒಂದೇ ಕೆಲಸ ಹೇಳುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಆಸ್ಪತ್ರೆಯ ಕಾಗದ ಮುಂದಿಟ್ಟುಕೊಂಡು, ಅಡ್ಮಿಟ್ ಆದ ದಿನದಿಂದ ದಿನಕ್ಕೊಂದು ಪುಟ ಬರೆಯಿರಿ. ಯಾವತ್ತು ಕೊಳವೆ ಹಾಕಿದರು, ಹೊರಗೆ ಯಾರು ಕೂತಿದ್ದರು, ನೀವು ಏನು ಅಂದಿರಿ, ಅವರು ಯಾವಾಗ ಕಣ್ಣು ಬಿಟ್ಟರು. ಸ್ವೀಡನ್, ಡೆನ್ಮಾರ್ಕ್ ಕಡೆ ಐಸಿಯು ನರ್ಸ್‌ಗಳೇ ರೋಗಿಗಾಗಿ ಇಂಥ ಡೈರಿ ಬರೆದಿಡುತ್ತಾರೆ. ಮರೆತುಹೋದ ದಿನಗಳಲ್ಲಿ ನಿಜಕ್ಕೂ ಏನಾಯಿತು ಅಂತ ಗಂಡನಿಗೆ ತಿಳಿಯಲಿ, ನೀವು ಬರೆದದ್ದನ್ನು ಅವರ ಕೈಗೆ ಕೊಡಿ. ಓದು ಅಂತ ಗಂಟು ಬೀಳಬೇಡಿ. ರೈಲಿನ ಮಾತು ಅವರೇ ತೆಗೆದರೆ, ‘ಅದೆಲ್ಲ ಸುಳ್ಳು’ ಅನ್ನದೆ ಪೂರ್ತಿ ಕೇಳಿ.

ಇಷ್ಟಾದರೂ ನಿದ್ದೆ ಬರದಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಆಡಿದರೆ ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಪ್ರೆಸ್ಸಿನ ಕೀಲಿ ಸದ್ಯಕ್ಕೆ ನಿಮ್ಮ ಹತ್ತಿರ ಇರಲಿ. ಕೆಲಸದವರು ಮಷಿನ್ ನಡೆಸುತ್ತಾರೆ, ಲೆಕ್ಕ ನೀವು ನೋಡಿ. ಮೈದುನ ಕೇಳಿದರೆ ಈ ಅಂಕಣ ಓದಲು ಕೊಡಿ.