ಪ್ರತಿ ಪಾಠಕ್ಕೂ ಟೆಸ್ಟ್: ಆರನೇ ಕ್ಲಾಸಿನ ಮಗಳ ಬಗ್ಗೆ ಕೇಳಿದವರಿಗೆ

ನಿಮ್ಮ ಪ್ರಶ್ನೆ ಇಷ್ಟು: ಮಗಳು ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಒಂದೊಂದು ಪಾಠ ಮುಗಿದಾಗಲೂ ಟೆಸ್ಟ್ ಕೊಡುತ್ತಾರೆ, ಗಣಿತದಲ್ಲಿ ಕಡಿಮೆ ಬರುತ್ತಿದೆ. ಇದರಿಂದ ಮಕ್ಕಳಿಗೆ ಉಪಯೋಗ ಇದೆಯಾ, ಬರೀ ತಲೆಬಿಸಿಯಾ, ಟ್ಯೂಷನ್‌ಗೆ ಹಾಕಬೇಕಾ? ನಾನು ಹೊಸನಗರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಈ ಟೆಸ್ಟ್ ಕೊಡುವವರ ಕಡೆಯಿಂದ ಉತ್ತರ ಬರೆಯುತ್ತೇನೆ.

ಮೊದಲು ಫೇಲಿನ ಹೆದರಿಕೆ ಬಿಡಿ. ಆರನೇ ಕ್ಲಾಸಿನಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಅದಕ್ಕೆ ದಾರಿ ಬಿಟ್ಟದ್ದು 5 ಮತ್ತು 8ನೇ ತರಗತಿಗೆ ಮಾತ್ರ. ಮಗುವಿನ ಕಲಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ನೋಡುತ್ತಿರಬೇಕು ಎಂಬುದೂ ಹೊಸ ಮಾತಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲೇ ಇದೆ. ನಾವು ಅದನ್ನು ಸಿಸಿಇ ಅನ್ನುತ್ತೇವೆ, ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವಿನ ಸಣ್ಣ ಪರೀಕ್ಷೆ), ಎರಡು ಎಸ್‌ಎ (ಅರ್ಧ ವರ್ಷದ ಕೊನೆಯ ದೊಡ್ಡ ಪರೀಕ್ಷೆ). ಇವುಗಳ ಜೊತೆಗೆ 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ, ಶಾಲೆಯ ಬಾಯಲ್ಲಿ ಎಲ್‌ಬಿಎ, ಬಂತು. ಪಾಠವಾರು ಪ್ರಶ್ನೆಕೋಠಿಯನ್ನು ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿಯೇ ಕೊಟ್ಟಿದೆ.

ಸರ್ಕಾರಿ ಶಾಲೆಯಲ್ಲೇ ಓದಿದ್ದರೆ ನಿಮ್ಮ ಮಗಳು ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿಯಲ್ಲಿ ಇದನ್ನೇ ಮಾಡಿದ್ದಾಳೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ, ಒಂದು ಮೆಟ್ಟಿಲಿನ ಕಾರ್ಡ್ ಮುಗಿಸಿ, ಬಂತೋ ಇಲ್ಲವೋ ನೋಡಿ ಮುಂದಿನ ಮೆಟ್ಟಿಲಿಗೆ ಹೋಗುವುದು. ಬಾರದಿದ್ದರೆ ಅಲ್ಲೇ ಇನ್ನೊಂದಿಷ್ಟು ಅಭ್ಯಾಸ. ಯಾವ ಮಗುವೂ ಅದನ್ನು ಪರೀಕ್ಷೆ ಅಂತ ಹೆದರಿದ್ದು ನಾನು ಕಂಡಿಲ್ಲ. ಹೆದರಿಕೆ ಹತ್ತುವುದು ಕೆಂಪು ಪೆನ್ನಿನಲ್ಲಿ ಅಂಕ ಬರೆಯಲು ಶುರುವಾದ ಮೇಲೆ.

ಉಪಯೋಗ ಇದೆಯಾ ಅಂದರೆ ಇದೆ, ಆದರೆ ಅಂಕದಲ್ಲಿಲ್ಲ, ತಪ್ಪಿನಲ್ಲಿದೆ. ದಶಮಾಂಶವನ್ನೇ ತೆಗೆದುಕೊಳ್ಳಿ. 0.4 ದೊಡ್ಡದೋ 0.35 ದೊಡ್ಡದೋ ಅಂತ ಕೇಳಿದರೆ ತುಂಬ ಮಕ್ಕಳು 0.35 ಅನ್ನುತ್ತಾರೆ, 35 ಅನ್ನುವುದು 4ಕ್ಕಿಂತ ದೊಡ್ಡದಲ್ಲವಾ! ಇದು ಒಂದು ಜಾತಿಯ ತಪ್ಪು. ಇನ್ನೊಂದು ಜಾತಿ ಇದೆ, ಅದು ಕಳ್ಳ. ಬಿಂದುವಿನ ಆಚೆ ಅಂಕಿ ಹೆಚ್ಚಾದಷ್ಟೂ ಸಂಖ್ಯೆ ಸಣ್ಣದು ಅಂತ ಕೆಲವರು ಮನಸ್ಸಿನಲ್ಲೇ ಕಟ್ಟಿಕೊಂಡಿರುತ್ತಾರೆ. ಹತ್ತನೇ ಒಂದಕ್ಕಿಂತ ನೂರನೇ ಒಂದು ಸಣ್ಣದು ಅಂತ ನಾವೇ ಹೇಳಿಕೊಟ್ಟಿರುತ್ತೇವಲ್ಲ, ಅದನ್ನು ಎಲ್ಲೆಲ್ಲಿಗೋ ಎಳೆದಿರುತ್ತಾರೆ. ಈ ಮಗು 0.4 ದೊಡ್ಡದು ಎಂದೇ ಬರೆಯುತ್ತದೆ, ಪೂರ್ತಿ ಅಂಕ ಸಿಗುತ್ತದೆ. ಅದೇ ಮಗುವಿಗೆ 0.62 ಮತ್ತು 0.5 ಕೊಡಿ, 0.5 ದೊಡ್ಡದು ಅನ್ನುತ್ತದೆ. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟರೆ ಇಬ್ಬರೂ ಒಂದೊಂದು ತಪ್ಪು, ಒಂದೊಂದು ಸರಿ, ಇಬ್ಬರಿಗೂ ಒಂದೇ ಅಂಕ. ರಿಜಿಸ್ಟರಿನಲ್ಲಿ ಅಕ್ಕಪಕ್ಕದ ಎರಡು ಹೆಸರು, ಒಂದೇ ಸಂಖ್ಯೆ. ಆದರೆ ಮಾರನೇ ದಿನ ಈ ಇಬ್ಬರಿಗೆ ಹೇಳಿಕೊಡಬೇಕಾದ್ದು ಒಂದೇ ಅಲ್ಲ. ಮೊದಲನೆಯವನನ್ನು ಸೊಸೈಟಿಯ ಎಲೆಕ್ಟ್ರಾನಿಕ್ ತಕ್ಕಡಿಯ ಲೆಕ್ಕಕ್ಕೆ ತರುತ್ತೇನೆ. ಅದರಲ್ಲಿ ಬರುವುದು 0.400, 0.350. ನಾನೂರು ಗ್ರಾಂ, ಮುನ್ನೂರ ಐವತ್ತು ಗ್ರಾಂ ಅಂದ ಕೂಡಲೇ ಹುಡುಗ ತಾನೇ ತಿದ್ದಿಕೊಳ್ಳುತ್ತಾನೆ. ಎರಡನೆಯವಳಿಗೆ ಸಂಖ್ಯಾರೇಖೆ ಬರೆಸಿ, 0.5 ಮತ್ತು 0.6ರ ಮನೆಗಳನ್ನು ಹತ್ತು ಹತ್ತು ಭಾಗ ಮಾಡಿಸಿ, 0.62 ಎಲ್ಲಿ ಕೂರುತ್ತದೆ ಅಂತ ಅವಳ ಕೈಯಲ್ಲೇ ಗುರುತು ಹಾಕಿಸಬೇಕು. ಇದು ಒಂದು ಪೀರಿಯಡ್ ತಿನ್ನುವ ಕೆಲಸ. ಆ ಪೀರಿಯಡ್ ಸಿಕ್ಕಿದರೆ ಟೆಸ್ಟ್ ಸಾರ್ಥಕ, ಸಿಗದಿದ್ದರೆ ಅದು ಜೆರಾಕ್ಸ್ ಖರ್ಚು.

ಸಿಗುವುದು ಎಷ್ಟು ಕಷ್ಟ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜುಲೈ, ಆಗಸ್ಟಿನಲ್ಲಿ ಮಳೆ ರಜೆ. ರಜೆ ಇಲ್ಲದ ದಿನವೂ ಹಳ್ಳ ಏರಿ ಕಾಲುಸಂಕ ದಾಟಲಾಗದೆ ಆಚೆ ದಡದ ಮಕ್ಕಳು ಬರುವುದಿಲ್ಲ. ಆಮೇಲೆ ಆ ದಿನಗಳ ಪಾಠ ತುಂಬಿಸಲು ಓಟ. ಅಷ್ಟರಲ್ಲಿ ಅಡಿಕೆ ಕೊಯ್ಲು ಬಂದು ಮನೆಮನೆಯಲ್ಲೂ ಸುಲಿಯುವ ಕೆಲಸ, ರಾತ್ರಿ ನಿದ್ದೆಗೆಟ್ಟ ಮಕ್ಕಳು ಬೆಂಚಿನ ಮೇಲೆ ತೂಕಡಿಸುತ್ತಾರೆ. ಪಾಠವನ್ನೇ ಕೇಳದ ಮಗು ಬರೆದ ಟೆಸ್ಟಿನಲ್ಲಿ ಬಂದ ಎರಡು ಅಂಕ ಹಾಜರಿಯ ಕಥೆ ಹೇಳುತ್ತದೆ, ಬುದ್ಧಿಯದ್ದಲ್ಲ. ಅಂಕಗಳನ್ನು ಎಸ್‌ಎಟಿಎಸ್‌ಗೆ, ಅಂದರೆ ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ, ಏರಿಸುವುದಂತೂ ಬೇರೆಯೇ ಪುರಾಣ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಮೇಷ್ಟ್ರುಗಳನ್ನು ನಮ್ಮ ಕಡೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪ್ರತಿ ವಿಷಯದ ಪ್ರತಿ ಪಾಠಕ್ಕೂ ಟೆಸ್ಟ್, ತಿದ್ದುವುದು, ಏರಿಸುವುದು ಅಂದರೆ ಮೊದಲು ಬಲಿಯಾಗುವುದು ನಾನು ಮೇಲೆ ಹೇಳಿದ ಆ ಪೀರಿಯಡ್ಡೇ. ನನ್ನ ತಕರಾರು ಟೆಸ್ಟಿನ ಮೇಲಲ್ಲ, ಆ ಲೆಕ್ಕಾಚಾರದ ಮೇಲೆ.

ಇನ್ನೊಂದು ತೊಂದರೆ ಇದೆ. ಪಾಠ ಮುಗಿದ ಮಾರನೇ ದಿನವೇ ಕೇಳಿದರೆ ಎಲ್ಲರಿಗೂ ನೆನಪಿರುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿದರು. ಒಂದು ಗುಂಪು ಓದಿದ್ದನ್ನೇ ಮತ್ತೆ ಓದಿತು, ಇನ್ನೊಂದು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ ನೆನಪಿನಿಂದ ಬರೆದವರು ಮುಂದು. ಹಾಗಾಗಿ ನಾನು ಪ್ರತಿ ಪಾಠದ ಟೆಸ್ಟಿನ ಕೆಳಗೆ ಹಳೆಯ ಪಾಠದ ಎರಡು ಲೆಕ್ಕ ಸೇರಿಸುತ್ತೇನೆ, ಅದಕ್ಕೆ ಅಂಕ ಇಲ್ಲ. ಮಕ್ಕಳು ಗೊಣಗುತ್ತಾರೆ. ಗೊಣಗಲಿ.

ಅಂಕದ ಬಗ್ಗೆಯೂ ಒಂದು ಮಾತು. 1988ರಲ್ಲಿ ರುತ್ ಬಟ್ಲರ್ ಎಂಬವರು ಇಸ್ರೇಲಿನ ಐದು, ಆರನೇ ತರಗತಿಯ ಮಕ್ಕಳಲ್ಲಿ ಮಾಡಿದ ಅಧ್ಯಯನ ನಿಮ್ಮ ಮನೆಗೂ ಅನ್ವಯಿಸುತ್ತದೆ. ಕೆಲವರಿಗೆ ಬರೀ ಅಂಕ, ಕೆಲವರಿಗೆ ಏನು ಸರಿ ಮಾಡಿಕೊಳ್ಳಬೇಕೆಂಬ ಒಂದು ವಾಕ್ಯ, ಕೆಲವರಿಗೆ ಎರಡೂ. ಬರೀ ವಾಕ್ಯ ಸಿಕ್ಕಿದವರು ಸುಧಾರಿಸಿದರು. ಎರಡೂ ಸಿಕ್ಕಿದವರಿಗೆ ವಾಕ್ಯದಿಂದ ಆಗಬೇಕಿದ್ದ ಲಾಭ ಆಗಲಿಲ್ಲ. ಅಂಕ ಕಂಡ ಮೇಲೆ ಪಕ್ಕದ ವಾಕ್ಯ ಯಾರು ಓದುತ್ತಾರೆ? ದೊಡ್ಡವರೂ ಓದುವುದಿಲ್ಲ.

ಈಗ ನೀವು ಮಾಡಬೇಕಾದ್ದು. "ಎಷ್ಟು ಬಂತು" ಅಂತ ಕೇಳುವುದನ್ನು ಬಿಟ್ಟು, "ಯಾವ ಲೆಕ್ಕ ತಪ್ಪಾಯಿತು, ಹ್ಯಾಗೆ ಮಾಡಿದ್ದೆ ತೋರಿಸು ಮಗಾ" ಅನ್ನಿ. ನಿಮಗೆ ಲೆಕ್ಕ ಬಾರದಿದ್ದರೂ ಅಡ್ಡಿಯಿಲ್ಲ. ಬಿಡಿಸಿ ಹೇಳುವಾಗ ಅವಳು ಎಲ್ಲಿ ತಡವರಿಸುತ್ತಾಳೋ ಅದನ್ನು ಮೇಷ್ಟ್ರಿಗೆ ಹೇಳಿ, ನಮಗೆ ಅಷ್ಟು ಸುಳಿವು ಸಾಕು. ಉತ್ತರ ಪತ್ರಿಕೆ ಮನೆಗೆ ಬರುತ್ತಿಲ್ಲವಾದರೆ ಶಾಲೆಯವರು ಪೋಷಕರನ್ನು ಕರೆದು ಮಕ್ಕಳ ಕಲಿಕೆಯ ಬಗ್ಗೆ ಮಾತಾಡುವ 'ಸಮುದಾಯದತ್ತ ಶಾಲೆ' ಸಭೆಯಲ್ಲಿ ಕೇಳಿ ನೋಡಿ, ಸಂಕೋಚ ಬೇಡ. ಹೋದ ತಿಂಗಳ ಪಾಠದಿಂದ ವಾರಕ್ಕೊಮ್ಮೆ ಒಂದು ಲೆಕ್ಕ ಮಾಡಿಸಿ.

ಟ್ಯೂಷನ್ ಈಗಲೇ ಬೇಡ. ಈ ಟೆಸ್ಟಿಗೆಂದೇ ಟ್ಯೂಷನ್‌ಗೆ ಹಾಕಿದರೆ ಅಲ್ಲಿ ಪ್ರಶ್ನೆಕೋಠಿ ಬಾಯಿಪಾಠ ಮಾಡಿಸುತ್ತಾರೆ, ಅಂಕ ಏರುತ್ತದೆ, ಮಗಳಿಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ನಮಗೂ ಕಾಣದಂತೆ ಮುಚ್ಚಿಹೋಗುತ್ತದೆ. ಬೇರೆ ಬೇರೆ ಪಾಠಗಳಲ್ಲಿ ಒಂದೇ ಜಾಗದಲ್ಲಿ, ಉದಾಹರಣೆಗೆ ಭಾಗಾಕಾರದಲ್ಲೇ, ಎಡವುತ್ತಿದ್ದಾಳೆ ಅಂತ ಮೇಷ್ಟ್ರು ಹೇಳಿದರೆ ಆಗ ಅದೊಂದನ್ನೇ ಕೂರಿಸಿ ಹೇಳಿಕೊಡುವವರನ್ನು ನೋಡಿ. ಪಕ್ಕದ ಮನೆಯ ಪಿಯುಸಿ ಓದುವ ಅಕ್ಕ ಆದರೂ ಸಾಕು.