ಶಾಜಿ ಎನ್. ಕರುಣ್ ‘ಪಿರವಿ’ಗೆ ತಾವೇ ಯಾಕೆ ಕ್ಯಾಮೆರಾ ಹಿಡಿಯಲಿಲ್ಲ?

ಪ್ರಶ್ನೆ: ಛಾಯಾಗ್ರಹಣ ಕಲಿಯುತ್ತಿದ್ದೇನೆ. ಶಾಜಿ ಎನ್. ಕರುಣ್ ದೊಡ್ಡ ಛಾಯಾಗ್ರಾಹಕರೆಂದು ಕೇಳಿ ‘ಪಿರವಿ’ ನೋಡಿದೆ. ಕ್ಯಾಮೆರಾ ಬೇರೆಯವರದು! ಹಾಗಾದರೆ ಅವರ ಕ್ಯಾಮೆರಾ ಕೆಲಸವನ್ನು ಎಲ್ಲಿ ನೋಡಬೇಕು, ನೋಡುವಾಗ ಏನನ್ನು ಗಮನಿಸಬೇಕು?

ಉತ್ತರ: ನೀವು ನೋಡಿದ್ದು ಅವರ ವೃತ್ತಿಯ ಎರಡನೇ ಅರ್ಧ, ಅಂದರೆ ಅವರು ನಿರ್ದೇಶಕರಾದ ಮೇಲಿನದು. ‘ಪಿರವಿ’ಯ ಕ್ಯಾಮೆರಾ ಸನ್ನಿ ಜೋಸೆಫ್ ಅವರದು. ‘ವಾನಪ್ರಸ್ಥಂ’ಗೆ (1999) ರೆನಾಟೊ ಬೆರ್ಟಾ ಮತ್ತು ಸಂತೋಷ್ ಶಿವನ್ ಕೆಲಸ ಮಾಡಿದರು. ‘ಕುಟ್ಟಿ ಸ್ರಾಂಕ್’ಗೆ ಅಂಜುಲಿ ಶುಕ್ಲಾ, ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ಸೆಟ್‌ನಲ್ಲಿ ನಿರ್ದೇಶಕನ ಕಣ್ಣು ನಟನ ಮೇಲೆ, ಛಾಯಾಗ್ರಾಹಕನ ಕಣ್ಣು ಬೆಳಕಿನ ಮೇಲೆ ಇರಬೇಕು. ‘ಪಿರವಿ’ಯಲ್ಲಿ ಮಗನಿಗಾಗಿ ಕಾಯುವ ಮುದುಕ ತಂದೆಯಾಗಿ ಪ್ರೇಮ್‌ಜಿ ಮಾಡಿದಂಥ ಅಭಿನಯವನ್ನು ಕಾಯುವವನಿಗೆ ಲೈಟ್ ಮೀಟರ್ ನೋಡುತ್ತ ಕೂರಲು ಆಗುವುದಿಲ್ಲ. ಕ್ಯಾಮೆರಾ ಬಿಟ್ಟುಕೊಟ್ಟದ್ದರಿಂದ ಆ ಚಿತ್ರಕ್ಕೆ ಒಳ್ಳೆಯದೇ ಆಯಿತು ಎಂಬುದು ನಮ್ಮ ಖಚಿತ ಅಭಿಪ್ರಾಯ. 1989ರ ಕಾನ್ ಚಿತ್ರೋತ್ಸವದ ಕ್ಯಾಮೆರಾ ದೋರ್ (ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡುವ ಪ್ರಶಸ್ತಿ) ವಿಭಾಗದಲ್ಲಿ ಅದಕ್ಕೆ ವಿಶೇಷ ಮನ್ನಣೆ ಸಿಕ್ಕಿತು. ಇಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ ಮತ್ತು ನಟನೆಯ ರಾಷ್ಟ್ರಪ್ರಶಸ್ತಿಗಳು ಬಂದವು.

ಅವರ ಸ್ವಂತ ಕ್ಯಾಮೆರಾ ನೋಡಬೇಕಾದರೆ ಮಲಯಾಳಂ ನಿರ್ದೇಶಕ ಜಿ. ಅರವಿಂದನ್ ಚಿತ್ರಗಳಿಗೆ ಹೋಗಿ. 1974ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ ಹೊರಬಂದ ಶಾಜಿ ‘ಕಾಂಚನ ಸೀತ’ದಿಂದ (1977) ಹಿಡಿದು ‘ತಂಪ್’, ‘ಕುಮ್ಮಾಟ್ಟಿ’, ‘ಎಸ್ತಪ್ಪಾನ್’, ‘ಪೋಕ್ಕುವೆಯಿಲ್’, ‘ಚಿದಂಬರಂ’, ‘ಒರಿಡತ್ತ್’ ವರೆಗೆ ಅರವಿಂದನ್ ಜೊತೆಗಿದ್ದರು. ‘ಪೋಕ್ಕುವೆಯಿಲ್’ ಕನ್ನಡಿಗರಿಗೆ ಹತ್ತಿರದ್ದು. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ ನಮ್ಮ ರಾಜೀವ್ ತಾರಾನಾಥರ ಸರೋದ್ ಇದೆ. ಅಲ್ಲಿ ದೃಶ್ಯಗಳನ್ನೇ ಸಂಗೀತಕ್ಕೆ ಹೊಂದಿಸಿ ಕಟ್ಟಿದ್ದಾರೆ.

ಕಲಿಯುವವರು ಮೊದಲು ನೋಡಬೇಕಾದ್ದು ‘ತಂಪ್’ (1978). ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ಶಾಜಿಯವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಭಾರತಪ್ಪುಳ ನದಿಯ ದಂಡೆಯ ಊರಿಗೆ ಸರ್ಕಸ್ ಬರುತ್ತದೆ. ಪ್ರೇಕ್ಷಕರಾಗಿ ಕೂತವರು ಊರಿನ ಜನರೇ. ಸರ್ಕಸ್ಸನ್ನೇ ಕಾಣದವರು ಅವರಲ್ಲಿ ಎಷ್ಟೋ ಮಂದಿ. ಆಟ ಏರಿದಂತೆ ಲೈಟು, ಕ್ಯಾಮೆರಾ ಎಲ್ಲ ಮರೆತರು. ಬಾಯಿ ತೆರೆದು ಮೇಲೆ ನೋಡುವ ಆ ಮುಖಗಳ ಭಾಗವನ್ನು ಧ್ವನಿ ನಿಲ್ಲಿಸಿ ಎರಡು ಸಲ ನೋಡಿ. ಮೊದಲ ಸಲ ಕಣ್ಣುಗಳನ್ನು, ಎರಡನೇ ಸಲ ಕೆನ್ನೆಯ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದನ್ನು.

ಆಮೇಲೆ ನಿಮ್ಮೂರಿನ ಯಕ್ಷಗಾನಕ್ಕೋ ಜಾತ್ರೆಯ ನಾಟಕಕ್ಕೋ ಹೋಗಿ. ಸಂಘಟಕರ ಒಪ್ಪಿಗೆ ಪಡೆದು, ರಂಗದ ಪಕ್ಕದಲ್ಲಿ ಪ್ರೇಕ್ಷಕರತ್ತ ಮುಖ ಮಾಡಿ ಟ್ರೈಪಾಡ್ ಇಡಿ. 85 ಅಥವಾ 100 ಎಂ.ಎಂ. ಲೆನ್ಸ್ ಸಾಕು, ದೂರದಿಂದಲೇ ಮುಖ ಸಿಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ವಿದ್ಯುತ್ 50 ಹರ್ಟ್ಜ್, ಆದ್ದರಿಂದ 1/60 ಇಟ್ಟರೆ ಕೆಲವು ದೀಪಗಳಲ್ಲಿ ಪಟ್ಟಿಗಳು ಓಡುತ್ತವೆ. ಎಕ್ಸ್‌ಪೋಷರನ್ನು ಮುಖಕ್ಕೆ ಹೊಂದಿಸಿ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ರಂಗದ ದೀಪ ಬದಲಾದಾಗಲೆಲ್ಲ ಕ್ಯಾಮೆರಾ ಅದನ್ನು ಸರಿದೂಗಿಸಲು ಹೋಗುತ್ತದೆ, ಮುಖದ ಮೇಲೆ ಬೆಳಕು ಆಡಿದ್ದೇ ಕಾಣುವುದಿಲ್ಲ. ಮೊದಲ 20 ನಿಮಿಷ ರೆಕಾರ್ಡ್ ಒತ್ತಬೇಡಿ. ಜನ ನಿಮ್ಮನ್ನು ಮರೆಯಲಿ.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಬಣ್ಣದ ಪ್ರತಿಗಳನ್ನು ನೋಡಿ ಶಾಜಿಯವರ ಬಣ್ಣದ ಬಗ್ಗೆ ತೀರ್ಮಾನಿಸಬೇಡಿ. ಆ ಕಾಲದ ಪ್ರಿಂಟ್‌ಗಳಲ್ಲಿ ಸಯಾನ್ ಬಣ್ಣ ಮೊದಲು ಮಾಸುತ್ತದೆ, ಹಸಿರು ಗದ್ದೆ ಕೂಡ ಗುಲಾಬಿಗೆ ತಿರುಗಿರುತ್ತದೆ. ‘ಕುಮ್ಮಾಟ್ಟಿ’ಯ ಮೂಲ ನೆಗೆಟಿವ್ ಉಳಿದಿರಲಿಲ್ಲ, ಉಳಿದ ಪ್ರಿಂಟ್‌ಗಳಿಂದಲೇ 2021ರಲ್ಲಿ 4ಕೆ ಪುನರುಜ್ಜೀವನ ನಡೆಯಿತು. ‘ತಂಪ್’ನ ಪುನರುಜ್ಜೀವಿತ ಪ್ರತಿ 2022ರಲ್ಲಿ ಕಾನ್‌ನಲ್ಲಿ ತೆರೆ ಕಂಡಿತು. ಎರಡರಲ್ಲೂ ಹೊಸ ಪ್ರತಿ ಸಿಗುವ ತನಕ ಕಾಯಿರಿ. ಶಾಜಿ 2025ರ ಏಪ್ರಿಲ್ 28ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಇನ್ನು ಚಿತ್ರೋತ್ಸವದ ಪಟ್ಟಿಗಳಲ್ಲಿ ಅವರ ಚಿತ್ರ ಕಂಡರೆ ದೊಡ್ಡ ಪರದೆಯ ಟಿಕೆಟ್ ಮೊದಲೇ ಕಾಯ್ದಿರಿಸಿ.